ಬಾವಿ ತಾಳುವಷ್ಟು ಅತಿಥಿಗಳು: ಅಘನಾಶಿನಿಯ ಒಂದು ಹೋಂಸ್ಟೇ ಪ್ರಕರಣ

ಕುಮಟಾ ತಾಲ್ಲೂಕಿನ ಅಘನಾಶಿನಿ ಗ್ರಾಮದಲ್ಲಿ ನಾಲ್ಕು ಕೋಣೆಗಳ ಒಂದು ಹೋಂಸ್ಟೇ ಇದೆ. ಏಪ್ರಿಲ್ ತಿಂಗಳ ಒಂದು ದೀರ್ಘ ವಾರಾಂತ್ಯದಲ್ಲಿ 24 ಮಂದಿಯ ಚಾರಣ ತಂಡವೊಂದು ಅಲ್ಲಿ ಎರಡು ರಾತ್ರಿ ಉಳಿದು ಹೋಯಿತು. ತಂಡ ಹೊರಟ ಮರುದಿನ ಬಾವಿಯ ನೀರು ಉಪ್ಪಾಯಿತು. ಮೇ ಮೊದಲ ವಾರಕ್ಕೆ ಇನ್ನೊಂದು ತಂಡದಿಂದ ಆಗಲೇ ಮುಂಗಡ ಹಣ ಬಂದಿತ್ತು. ಆ ಎರಡು ತಂಡಗಳ ನಡುವಿನ ದಿನಗಳಲ್ಲಿ ಮನೆಯವರು ಏನು ಯೋಚಿಸಿದರು, ಏನು ತೀರ್ಮಾನಿಸಿದರು, ಆಮೇಲೆ ಏನಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೆಸರು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಉಳಿದದ್ದನ್ನೆಲ್ಲ ಬರೆಯಲು ಒಪ್ಪಿದ್ದಾರೆ.

ನಾನು ಗ್ರಾಮೀಣ ಕುಡಿಯುವ ನೀರಿನ ಯೋಜನೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೇಸಿಗೆಯಲ್ಲಿ ಕೆಲವು ವಾರ ಈ ಮನೆಯಲ್ಲಿ ಬಾಡಿಗೆ ಕೊಟ್ಟು ಇರುತ್ತೇನೆ. ಈ ಪ್ರಕರಣ ನಡೆದಾಗಲೂ ಹಿಂಬದಿಯ ಕೋಣೆಯಲ್ಲಿದ್ದೆ. ಕರಾವಳಿಯಲ್ಲಿ ಇಂಥ ಸಣ್ಣ ಮನೆವಸತಿಗಳು ದಿನದಿನಕ್ಕೆ ಹೆಚ್ಚುತ್ತಿವೆ, ಅವುಗಳ ಬಗ್ಗೆ ಬರುವ ಬರಹಗಳೆಲ್ಲ ಸೂರ್ಯಾಸ್ತ, ಮೀನೂಟ ಮತ್ತು ಬಾಡಿಗೆಯ ಸುತ್ತಲೇ ತಿರುಗುತ್ತವೆ. ಮನೆಯ ಹಿತ್ತಿಲಿನ ಬಾವಿಯ ವಿಷಯ ಯಾರೂ ಎತ್ತುವುದಿಲ್ಲ. ಆ ಬಾವಿಯೇ ಇಡೀ ವ್ಯವಹಾರದ ತಳಪಾಯ ಎಂಬುದು ನನ್ನ ಗಟ್ಟಿ ನಂಬಿಕೆ.

ಮನೆ, ಹೊಳೆ, ಬಾವಿ

ಅಘನಾಶಿನಿ ನದಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟೆಗೆ ಸಿಗದೆ ಸಮುದ್ರ ಸೇರುತ್ತದೆ. ಅದರ ಅಳಿವೆಯ ಉತ್ತರ ದಡದಲ್ಲಿ ತದಡಿ ಬಂದರು, ದಕ್ಷಿಣ ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಈ ಊರು. ನಡುವೆ ಜನರನ್ನು ದಾಟಿಸುವ ಬಾರ್ಜ್ ಓಡಾಡುತ್ತದೆ. ಬಳಚು ಎಂಬ ಚಿಪ್ಪುಮೀನು, ಸಿಗಡಿ, ಗಜನಿ ಎಂಬ ಉಪ್ಪುನೀರಿನಂಚಿನ ಗದ್ದೆಗಳ ಕಗ್ಗ ಭತ್ತ ಎಲ್ಲವೂ ಸಿಹಿ ಮತ್ತು ಉಪ್ಪು ನೀರು ಬೆರೆಯುವ ಈ ಅಳಿವೆಯ ಕೊಡುಗೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಮನ್ನಣೆಯ ಸುದ್ದಿ ಬಂದಮೇಲೆ ಈ ಕಡೆಗೆ ಬರುವವರ ಕುತೂಹಲವೂ ಹೆಚ್ಚಾಗಿದೆ.

ಜನ ಬರುವುದಕ್ಕೆ ಮುಖ್ಯ ಕಾರಣ ಬೇರೆ ಇದೆ. ಕುಮಟಾದಿಂದ ಗೋಕರ್ಣದವರೆಗೆ ಕಡಲ ದಂಡೆಯಲ್ಲಿ ನಡೆಯುವ ಚಾರಣ ಈಗ ಬೆಂಗಳೂರಿನ ಯುವಕರಿಗೆ ಚಿರಪರಿಚಿತ. ರಾತ್ರಿ ಬೆಂಗಳೂರಿನಲ್ಲಿ ರೈಲು ಅಥವಾ ಬಸ್ ಹತ್ತಿದರೆ ಬೆಳಗ್ಗೆ ಕುಮಟಾ. ಅಲ್ಲಿಂದ ಕಡ್ಲೆ, ಬಾಡ, ನಿರ್ವಾಣ ತೀರಗಳನ್ನು ದಾಟಿ ಅಘನಾಶಿನಿಗೆ ಬಂದು, ಬಾರ್ಜ್‌ನಲ್ಲಿ ತದಡಿಗೆ ಹೋಗಿ, ಬೇಲೆಕಾನ, ಪ್ಯಾರಡೈಸ್, ಹಾಫ್‌ಮೂನ್, ಓಂ ಮತ್ತು ಕುಡ್ಲೆ ತೀರಗಳ ಮೂಲಕ ಗೋಕರ್ಣ ಮುಟ್ಟುತ್ತಾರೆ. ಈ ದಾರಿಯ ನಡುವೆ ಇರುವ ಊರು ಇದಾದ್ದರಿಂದ ಊಟಕ್ಕೋ ರಾತ್ರಿ ತಂಗುವುದಕ್ಕೋ ತಂಡಗಳಿಗೆ ಬೇಕಾಗುತ್ತದೆ.

ಮನೆ ಹೊಳೆಯ ದಡದ ತೆಂಗಿನ ಹಿತ್ತಿಲಿನಲ್ಲಿದೆ. ಹಂಚಿನ ಮಾಡು, ಉದ್ದನೆಯ ಜಗಲಿ, ಹಿಂಭಾಗದಲ್ಲಿ ಚಿರೆಕಲ್ಲಿನ ಗುಡ್ಡ. ಅಮ್ಮ, ಹಿರಿಯ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಅಮ್ಮನ ಮೈದುನ: ಮನೆಯಲ್ಲಿ ಇರುವವರು ಆರು ಜನ. ಕಿರಿಯ ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಅಲ್ಲಿಂದಲೇ ಫೋನಿನಲ್ಲಿ ಕೋಣೆ ಕಾಯ್ದಿರಿಸುವ ವ್ಯವಹಾರ ನೋಡಿಕೊಳ್ಳುತ್ತಾನೆ. ಮೊದಲು ಜಗಲಿಯ ಪಕ್ಕದ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಆಮೇಲೆ ಮನೆಯೊಳಗಿನ ಇನ್ನೆರಡನ್ನು ತೆರವು ಮಾಡಿ ಶೌಚಾಲಯ ಜೋಡಿಸಿದರು. ಮಳೆಗಾಲದಲ್ಲಿ, ಯಾಂತ್ರಿಕ ದೋಣಿಗಳು ಮೀನುಗಾರಿಕೆ ನಿಲ್ಲಿಸುವ ಜೂನ್, ಜುಲೈ ಸೇರಿದಂತೆ ಸೆಪ್ಟೆಂಬರ್‌ವರೆಗೆ, ಹೋಂಸ್ಟೇ ಮುಚ್ಚಿರುತ್ತದೆ. ದುಡಿಮೆಯೆಲ್ಲ ಅಕ್ಟೋಬರ್‌ನಿಂದ ಮೇ ತನಕ.

ಬಾವಿ ಅಮ್ಮನ ಮಾವನ ಕಾಲದ್ದು. ಅಗಲ ಬಾಯಿಯ, ಚಿರೆಕಲ್ಲು ಕಟ್ಟಿದ, ಆಳ ಕಡಿಮೆಯ ಬಾವಿ. ರಾಟೆ ಈಗಲೂ ಇದೆ, ಕುಡಿಯುವ ನೀರನ್ನು ಅಮ್ಮ ಅದರಲ್ಲೇ ಸೇದುತ್ತಾರೆ. ಉಳಿದದ್ದಕ್ಕೆ ಒಂದು ಎಚ್‌ಪಿ ಮೋಟರ್ ಮತ್ತು ಮಾಡಿನ ಪಕ್ಕದ ಕಟ್ಟೆಯ ಮೇಲೆ ಸಾವಿರ ಲೀಟರಿನ ಎರಡು ಟ್ಯಾಂಕುಗಳು.

ಬೇಳೆ ಬೇಯಲಿಲ್ಲ

ಉಪ್ಪು ಬಂದದ್ದನ್ನು ಮೊದಲು ಗುರುತಿಸಿದವರು ಸೊಸೆ. ತಂಡ ಹೋದ ಮರುದಿನ ಮಧ್ಯಾಹ್ನದ ಸಾರಿಗೆ ಇಟ್ಟ ತೊಗರಿಬೇಳೆ ಕುಕ್ಕರ್ ಎಷ್ಟು ಕೂಗಿದರೂ ಕರಗಲಿಲ್ಲ. ಅವರು ಬೇಳೆಯ ಒಂದು ಕಾಳನ್ನು ಬೆರಳಿನಲ್ಲಿ ಹಿಚುಕಿ ನೋಡಿ, ಟ್ಯಾಂಕಿನ ನೀರನ್ನು ಅಂಗೈಯಲ್ಲಿ ಹಿಡಿದು ನಾಲಿಗೆಗೆ ತಾಗಿಸಿ, ರಾಟೆಯಲ್ಲಿ ಸೇದಿಟ್ಟ ಕೊಡದ ನೀರನ್ನೂ ಹಾಗೆಯೇ ನೋಡಿದರು. "ಅತ್ತೆ, ಕೊಡದ ನೀರು ಸರಿ ಇದೆ. ಟ್ಯಾಂಕಿನದ್ದು ಸವಳು" ಎಂದರು. ಗಂಡ ನಂಬಲಿಲ್ಲ. ಒಂದೇ ಬಾವಿ, ಒಂದೇ ನೀರು, ಎರಡು ರುಚಿ ಹೇಗೆ ಸಾಧ್ಯ ಎಂಬುದು ಅವನ ಪ್ರಶ್ನೆ.

ಪ್ರಕರಣದ ಗಂಟು ಬಿಚ್ಚಿದ್ದು ಈ ಎರಡು ರುಚಿಗಳಿಂದಲೇ. ಬೇಳೆ ಬೇಯದಿರುವುದು ನಾಲಿಗೆಗಿಂತ ಸೂಕ್ಷ್ಮವಾದ ಪರೀಕ್ಷೆ: ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಬಿಗಿಗೊಳಿಸಿ ಮೆತ್ತಗಾಗದಂತೆ ತಡೆಯುತ್ತವೆ, ಕುಡಿಯುವವರಿಗೆ ಉಪ್ಪು ಗೊತ್ತಾಗುವ ಮೊದಲೇ ಅಡುಗೆಮನೆಗೆ ಗೊತ್ತಾಗುತ್ತದೆ. ನನ್ನ ಬಳಿ ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ, ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರ್ ಇತ್ತು. ಖಾಲಿ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಇನ್ನೊಂದು ದಾರ ಕಟ್ಟಿ, ಬಾವಿಯ ತಳಕ್ಕೆ ಇಳಿಸಿ ಅಲ್ಲಿ ಬಿರಡೆ ಎಳೆದು ತಳದ ನೀರನ್ನು ಮೇಲೆ ತಂದೆವು. ಮೇಲ್ಪದರದ ನೀರನ್ನು ಚೆಂಬಿನಲ್ಲಿ ತೆಗೆದೆವು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದಾಗ 2,000ದವರೆಗೆ ಸಹಿಸಬಹುದು. ಚೆಂಬಿನ ನೀರು 500ರ ಆಸುಪಾಸಿನಲ್ಲಿತ್ತು. ಬಾಟಲಿಯ ನೀರು 2,000 ದಾಟಿತ್ತು. ಮೋಟರಿನ ಫುಟ್‌ವಾಲ್ವ್, ಅಂದರೆ ನೀರು ಎಳೆದುಕೊಳ್ಳುವ ಕೊಳವೆಯ ತುದಿ, ಕುಳಿತಿದ್ದದ್ದು ತಳದಲ್ಲಿ; ಅಮ್ಮನ ಕೊಡ ಮುಳುಗುತ್ತಿದ್ದದ್ದು ಮೇಲೆ. ಹಿರಿಯ ಮಗ ಮೀಟರನ್ನು ತಾನೇ ಹಿಡಿದು ಮತ್ತೆ ಮತ್ತೆ ಅದ್ದಿ ನೋಡಿದ, ಆಮೇಲೆ ಸುಮ್ಮನೆ ಬಾವಿಕಟ್ಟೆಯ ಮೇಲೆ ಕುಳಿತ.

ಕಡಲಂಚಿನ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ, ಹಾಲಿನ ಮೇಲಿನ ಕೆನೆಯಂತೆ, ನಿಂತಿರುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡ ಎರಡೂವರೆಯಷ್ಟು ಮಾತ್ರ ತೂಕ ಹೆಚ್ಚು. ಆ ಲೆಕ್ಕದಲ್ಲಿ, ಸಮುದ್ರ ಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ನೆಲದೊಳಗೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರಿರಬಹುದು. ಕೇಳಲು ಇದು ಸಮಾಧಾನದ ಮಾತು, ಆದರೆ ಅದೇ ಲೆಕ್ಕ ತಿರುಗಿಯೂ ನಡೆಯುತ್ತದೆ: ಮೇಲೆ ಒಂದಡಿ ನೀರು ಇಳಿದರೆ ಉಪ್ಪು ಕೆಳಗಿನಿಂದ 40 ಅಡಿ ಏರಲು ದಾರಿ ಸಿಗುತ್ತದೆ. ಒಂದೇ ಜಾಗದಲ್ಲಿ ಮೋಟರ್ ಜೋರಾಗಿ ಎಳೆದಾಗ ಬಾವಿಯ ಅಡಿಯಲ್ಲಿ ಉಪ್ಪುನೀರು ಗೋಪುರದಾಕಾರದಲ್ಲಿ ಮೇಲಕ್ಕೆ ಸೆಳೆಯಲ್ಪಡುತ್ತದೆ. ಎಳೆತ ನಿಂತ ಕೂಡಲೇ ಅದು ಇಳಿಯುವುದಿಲ್ಲ, ವಾರಗಳು ಹಿಡಿಯುತ್ತವೆ. ಒಮ್ಮೆ ಬೆರೆತ ನೀರು ಪೂರ್ತಿ ತಿಳಿಯಾಗಲು ಮುಂಗಾರೇ ಬರಬೇಕು.

ಇದನ್ನು ನಾನು ವಿವರಿಸುತ್ತಿದ್ದಾಗ ಅಮ್ಮ ತಲೆಯಾಡಿಸಿದರು. "ಗಜನಿಯಲ್ಲೂ ಹೀಗೇ ತಮ್ಮಾ. ಕಟ್ಟೆ ಭದ್ರ ಇದ್ದರೂ ಮಳೆ ನಿಂತ ಮೇಲೆ ಉಪ್ಪು ಅಡಿಯಿಂದ ಏಳುತ್ತದೆ. ಅದಕ್ಕೇ ಅಲ್ಲಿ ಕಗ್ಗ ಬಿಟ್ಟರೆ ಬೇರೆ ಭತ್ತ ಬರುವುದಿಲ್ಲ." ಪುಸ್ತಕದಲ್ಲಿ ಓದಿ ನಾನು ತಿಳಿದುಕೊಂಡದ್ದು ಅವರಿಗೆ ಬೇಸಾಯದಿಂದ ಗೊತ್ತಿತ್ತು.

ಲೀಟರುಗಳ ಲೆಕ್ಕ

ಎಷ್ಟು ನೀರು ಹೋಯಿತು ಎಂದು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿದೆವು. ಶವರ್‌ನ ಕೆಳಗೆ ಬಕೆಟ್ ಇಟ್ಟು ಅಳೆದರೆ ನಿಮಿಷಕ್ಕೆ ಹತ್ತು ಲೀಟರ್. ಕಡಲಿನಲ್ಲಿ ಆಡಿ ಬಂದವರು ಮೈಮೇಲಿನ ಮರಳು, ತಲೆಗೂದಲಿನ ಉಪ್ಪು ತೊಳೆಯಲು ಎಂಟು ನಿಮಿಷ ನಿಂತರೆ 80 ಲೀಟರ್. ಹಳೆಯ ಫ್ಲಶ್ ಒಂದು ಸಲಕ್ಕೆ ಹತ್ತು ಲೀಟರ್ ಕುಡಿಯುತ್ತದೆ, ದಿನಕ್ಕೆ ಐದು ಸಲ ಎಂದರೆ 50. ಕೈಕಾಲು, ಬಟ್ಟೆ ಹಿಂಡುವುದು ಸೇರಿಸಿ 20. ಒಬ್ಬ ಅತಿಥಿಗೆ ದಿನಕ್ಕೆ 150 ಲೀಟರ್ ಆಯಿತು. ಮನೆಯವರ ಬಳಕೆ ತಲೆಗೆ ನೂರರೊಳಗೆ.

ಏಪ್ರಿಲ್‌ನ ಸಾಮಾನ್ಯ ದಿನದಲ್ಲಿ ಎರಡು ಕೋಣೆ ತುಂಬಿರುತ್ತವೆ. ನಾಲ್ವರು ಅತಿಥಿಗಳು, ಆರು ಜನ ಮನೆಯವರು, ಅಡುಗೆ ಎಲ್ಲ ಸೇರಿ 1,350 ಲೀಟರ್. 24 ಜನ ಇದ್ದ ದಿನಗಳಲ್ಲಿ, ಕೋಣೆ ಸಾಲದೆ ತೆಂಗಿನ ಮರಗಳ ನಡುವೆ ಡೇರೆ ಹಾಕಿಸಿದ್ದರು, ಅದು 4,600 ದಾಟಿತು. ಮೂರೂವರೆ ಪಟ್ಟು.

ಇದಕ್ಕಿಂತ ಕೆಟ್ಟದ್ದು ಸಮಯದ ವಿಷಯ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಒಟ್ಟಿಗೆ ದಂಡೆಯಿಂದ ಬಂದರು, ಎಲ್ಲರಿಗೂ ಒಟ್ಟಿಗೆ ಸ್ನಾನ ಬೇಕಿತ್ತು. ಎರಡು ಗಂಟೆಯೊಳಗೆ ಎರಡು ಸಾವಿರ ಲೀಟರಿನಷ್ಟು ಖರ್ಚಾಗಿ ಟ್ಯಾಂಕುಗಳು ಬರಿದಾದವು. ಹಿರಿಯ ಮಗ ಮೋಟರನ್ನು ನಿಲ್ಲಿಸದೆ ಓಡಿಸಿದ. ಬಾವಿಯ ತಳದ ಕಲ್ಲು ಕಾಣುವವರೆಗೆ ನೀರು ಇಳಿಯಿತು. ಎರಡನೆಯ ರಾತ್ರಿಯೂ ಹಾಗೆಯೇ. ಮೂರನೆಯ ದಿನ 24 ಜನರ ಚಾದರ, ದಿಂಬಿನ ಚೀಲಗಳನ್ನು ತೊಳೆಯುವ ಯಂತ್ರಕ್ಕೆ ಹಾಕಿದರು. ಅದೇ 4,600 ಲೀಟರನ್ನು ಹಗಲಿಡೀ ಸಣ್ಣದಾಗಿ ಎತ್ತಿದ್ದರೆ ಬಾವಿ ಬಹುಶಃ ತಡೆದುಕೊಳ್ಳುತ್ತಿತ್ತು ಎಂದು ಈಗಲೂ ನನಗೆ ಅನಿಸುತ್ತದೆ.

ತಂಡದ ಹುಡುಗರನ್ನು ನಾನು ದೂರುವುದಿಲ್ಲ. ಅವರು ಕಾಸು ಕೊಟ್ಟಿದ್ದರು, ಶವರ್ ಇತ್ತು, ಬಳಸಿದರು. ನೀರಿನ ಬಗ್ಗೆ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಅವರನ್ನು ಕರೆತಂದ ಸಂಘಟಕರು ಮುಂಚೆ ಮಾತಾಡಿದ್ದು ಮೂರು ವಿಷಯ: ತಲೆಗೆ ಎಷ್ಟು, ಮೀನು ಸಿಗುತ್ತದೆಯೇ, ರಾತ್ರಿ ಬೆಂಕಿ ಹಾಕಬಹುದೇ.

ನಾಲ್ಕು ಮಾತು, ನಾಲ್ಕು ದಿಕ್ಕು

ಮೇ ತಿಂಗಳ ತಂಡದಲ್ಲಿ 26 ಮಂದಿ ಇದ್ದರು. ಕಿರಿಯ ಮಗ ಫೋನಿನಲ್ಲಿ ಖಚಿತವಾಗಿ ಹೇಳಿದ: ಕೊಳವೆಬಾವಿ ತೆಗೆಸೋಣ, ಸಾಲ ನಾನು ಮಾಡುತ್ತೇನೆ, ಹೊಳೆಯ ಬದಿಗೆ ಇನ್ನೆರಡು ಎಸಿ ಕೋಣೆಯನ್ನೂ ಏರಿಸೋಣ. ದೂರದಲ್ಲಿ ಇದ್ದುಕೊಂಡು ಮನೆಗೆ ಏನಾದರೂ ಮಾಡಬೇಕೆಂಬ ಹಂಬಲ ಅವನ ದನಿಯಲ್ಲಿತ್ತು. ಅದನ್ನು ಹಗುರವಾಗಿ ನೋಡಬಾರದು. ಹಿರಿಯ ಮಗ ಟ್ಯಾಂಕರ್ ತರಿಸುವ ಪರವಾಗಿದ್ದ. ಸೊಸೆಯ ಮಾತು ಒಂದೇ: ಈ ನೀರಿನಲ್ಲಿ 26 ಜನರಿಗೆ ಅಡುಗೆ ಮಾಡುವುದಿಲ್ಲ. ಅಮ್ಮ ಸೊಸೆಯ ಕಡೆ ನಿಲ್ಲುತ್ತಾರೆ ಎಂದು ನಾನು ಎಣಿಸಿದ್ದೆ, ಆದರೆ ಅವರ ಚಿಂತೆ ಬೇರೆಯಾಗಿತ್ತು. "ಹಣ ತೆಗೆದುಕೊಂಡಾಗಿದೆ. ಬನ್ನಿ ಎಂದು ಹೇಳಿದ ಮೇಲೆ ಬಾಗಿಲು ಹಾಕುವುದು ಹೇಗೆ? ನಮ್ಮ ಮನೆಯಲ್ಲಿ ಹಾಗೆ ನಡೆದದ್ದಿಲ್ಲ" ಎಂದರು.

ಕೊಳವೆಬಾವಿಯನ್ನು ನಾನು ಬಲವಾಗಿ ವಿರೋಧಿಸಿದೆ. ಹೊಳೆಯಂಚಿನಲ್ಲಿ ಆಳಕ್ಕೆ ಹೋಗುವುದೆಂದರೆ ಉಪ್ಪಿನ ಕಡೆಗೇ ಹೋಗುವುದು. ಮೊದಲ ವರ್ಷ ಸಿಹಿನೀರು ಸಿಕ್ಕರೂ ಅದು ಸುತ್ತಲಿನ ಬಾವಿಗಳ ಪಾಲಿನ ನೀರು. ಕಾನೂನೂ ಹೆಚ್ಚು ದಾರಿ ಬಿಟ್ಟಿಲ್ಲ. 2019ರ ಜನವರಿಯ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಸ್ಥಳೀಯರು ತಮ್ಮ ಮನೆಗಳಲ್ಲಿ ಹೋಂಸ್ಟೇ ನಡೆಸಲು ಅವಕಾಶ ಕೊಟ್ಟಿದೆ. ಆದರೆ ಇರುವ ಮನೆಯ ಅಡಿಪಾಯದ ವಿಸ್ತೀರ್ಣ, ವಿನ್ಯಾಸ, ಮುಂಭಾಗ ಬದಲಾಗಬಾರದು ಎಂಬುದು ಷರತ್ತು. ಸಮುದ್ರದ ಭರತ ಮುಟ್ಟುವ ಗೆರೆಯ ಸಮೀಪ ಅಂತರ್ಜಲ ಎತ್ತುವುದಕ್ಕೂ ಬಿಗಿಯಾದ ಮಿತಿಗಳಿವೆ. ಹೊಳೆಯ ಬದಿಗೆ ಹೊಸ ಕೋಣೆ ಎಂಬ ಯೋಜನೆ ಇದರೊಳಗೆ ಹಿಡಿಸುವುದೇ ಇಲ್ಲ.

ಇನ್ನೂ ಒಂದು ವಿಷಯ ಇದೆ, ಅದನ್ನು ಹೇಳಿದಾಗ ಕಿರಿಯ ಮಗನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿತ್ತಿಲು ಉದ್ದ, ಅಗಲ ಕಿರಿದು. ಈಗಿನ ಶೌಚಗುಂಡಿಗೂ ಬಾವಿಗೂ ನಡುವೆ ಹದಿನೈದು ಮೀಟರ್ ಅಂತರ ಹೇಗೋ ಸಿಗುತ್ತದೆ. ಕೋಣೆ ಹೆಚ್ಚಾದರೆ ಗುಂಡಿ ಹೆಚ್ಚಬೇಕು. ಅದು ಬಾವಿಯ ಹತ್ತಿರಕ್ಕೇ ಬರಬೇಕು. ಮರಳು ನೆಲ ನೀರನ್ನು ಬೇಗ ಬಿಡುತ್ತದೆ, ಮಳೆಗಾಲದಲ್ಲಿ ಬಾವಿಯೂ ಗುಂಡಿಯೂ ಬಹುತೇಕ ಒಂದೇ ಮಟ್ಟಕ್ಕೆ ತುಂಬಿರುತ್ತವೆ. ಉಪ್ಪು ನಾಲಿಗೆಗೆ ಗೊತ್ತಾಗುತ್ತದೆ, ಗುಂಡಿಯಿಂದ ಬರುವ ರೋಗಾಣುಗಳಿಗೆ ರುಚಿಯಿಲ್ಲ.

ಆರ್‌ಒ ಯಂತ್ರದ ಮಾತೂ ಬಂತು. ಕುಡಿಯುವ ನೀರಿಗೆ ಸರಿ. ಸ್ನಾನದ ನೀರಿಗೆಲ್ಲ ಅದನ್ನು ಹಾಕಿದರೆ ಎತ್ತಿದ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಇನ್ನಷ್ಟು ಉಪ್ಪಾಗಿ ಹೊರಬರುತ್ತದೆ. ಅದನ್ನು ಸುರಿಯುವುದು ಅದೇ ಮರಳಿಗೆ. ಟ್ಯಾಂಕರ್ ಆಪತ್ತಿಗೆ ಆಗುತ್ತದೆ, ಆದರೆ ಬೇಸಿಗೆಯ ಕೊನೆಯಲ್ಲಿ ಟ್ಯಾಂಕರಿಗೆ ಕಾಯುವ ಮನೆಗಳು ಸುತ್ತಲಿನ ಊರುಗಳಲ್ಲಿ ಇರುತ್ತವೆ. ಅವರ ಸರದಿಗಿಂತ ಮುಂಚೆ ದುಡ್ಡು ಹೆಚ್ಚು ಕೊಟ್ಟು ಅತಿಥಿಗಳ ಶವರ್‌ಗೆ ನೀರು ತರಿಸುವುದು ನನಗೆ ಸರಿ ಕಾಣಲಿಲ್ಲ, ಸೊಸೆಗೂ ಕಾಣಲಿಲ್ಲ.

ದಾರಿ ತೋರಿಸಿದ್ದು ಕೊನೆಗೆ ಸೊಸೆಯೇ. ಗುಡ್ಡದ ಮೇಲ್ಭಾಗದಲ್ಲಿ ಅವರ ತವರಿನ ಕಡೆಯ ಎರಡು ಮನೆಗಳಿವೆ. ಅಲ್ಲಿನ ಬಾವಿಗಳು ಚಿರೆಕಲ್ಲಿನಲ್ಲಿ ಕೊರೆದವು, ಬೇಸಿಗೆಯಲ್ಲಿ ನೀರು ಕೆಳಗಿಳಿದರೂ ಉಪ್ಪಾಗುವುದಿಲ್ಲ. ಎಂಟು ಜನ ಇಲ್ಲಿ, ಉಳಿದವರು ಅಲ್ಲಿ ಒಂಬತ್ತೊಂಬತ್ತು ಜನ. ಊಟ ಮಾತ್ರ ಎಲ್ಲರಿಗೂ ಇಲ್ಲಿ. ಆ ಮನೆಗಳಿಗೆ ತಂಗಿದ ಬಾಡಿಗೆ ಪೂರ್ತಿ ಕೊಡುವುದು. ಅಮ್ಮನ ಮಾತೂ ಉಳಿಯಿತು, ಬಾವಿಯೂ ಉಳಿಯಿತು. ಸಂಘಟಕರಿಗೆ ಮೊದಲೇ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು. ಅವರು ಸಿಡುಕಿದರು, ಎಲ್ಲರೂ ಒಂದೇ ಕಡೆ ಇರಬೇಕಿತ್ತು ಎಂದು ಮುಂಗಡದಲ್ಲಿ ಒಂದು ಭಾಗ ವಾಪಸು ಕೇಳಿದರು. ಕೊಟ್ಟರು. ತಂಡ ಬಂತು, ನೆಮ್ಮದಿಯಾಗಿ ಇದ್ದು ಹೋಯಿತು.

ಬಾವಿಗೆ ಹೊಂದಿದ ಮನೆ

ಬಾವಿಯ ಮಟ್ಟಿಗೆ ಮಾಡಿದ ಕೆಲಸಗಳು ಅಗ್ಗದವು. ಫುಟ್‌ವಾಲ್ವನ್ನು ತಳದಿಂದ ಮೇಲಕ್ಕೆತ್ತಿ, ನೀರಿನ ಮಟ್ಟದ ಸ್ವಲ್ಪ ಕೆಳಗೆ ತೇಲುವಂತೆ ಖಾಲಿ ಡಬ್ಬಕ್ಕೆ ಕಟ್ಟಿದರು. ಇದರಿಂದ ಮೇಲ್ಪದರದ ಸಿಹಿನೀರು ಮಾತ್ರ ಬರುತ್ತದೆ. ನೀರು ತೀರ ಇಳಿದಾಗ ಮೋಟರ್ ಗಾಳಿ ಎಳೆದು ತಾನೇ ಎಚ್ಚರಿಸುತ್ತದೆ, ಆಗ ನಿಲ್ಲಿಸಲೇಬೇಕು. ಒಂದು ಎಚ್‌ಪಿ ಮೋಟರಿನ ಬದಲು ಅರ್ಧ ಎಚ್‌ಪಿಯದ್ದು ಬಂತು. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಸ್ವಲ್ಪ ಸ್ವಲ್ಪ ಹೊತ್ತು ಓಡಿಸುತ್ತಾರೆ, ಸಂಜೆಯ ಸ್ನಾನಕ್ಕೆ ಎರಡೂ ಟ್ಯಾಂಕು ಮೊದಲೇ ತುಂಬಿರುತ್ತವೆ. ಅದು ಮುಗಿದರೆ ಮುಗಿಯಿತು.

ಶವರ್‌ಗಳನ್ನು ಬಿಚ್ಚಿ ಪ್ರತಿ ಬಚ್ಚಲಿಗೂ ದೊಡ್ಡ ಬಕೆಟ್, ಚೆಂಬು ಇಟ್ಟರು. ಇದಕ್ಕೆ ಹಿರಿಯ ಮಗ ಬಹಳ ಹಿಂದೇಟು ಹಾಕಿದ. ಶವರ್ ಇಲ್ಲದಿದ್ದರೆ ಜನ ಬರುತ್ತಾರೆಯೇ ಎಂಬ ಅಳುಕು. ಅಮ್ಮ ಹಳೆಯ ತಾಮ್ರದ ಹಂಡೆಯನ್ನು ಅಟ್ಟದಿಂದ ಇಳಿಸಿ, ಹುಳಿ ಹಚ್ಚಿ ಬೆಳಗಿಸಿ, ಹಿತ್ತಿಲಿನ ಬಚ್ಚಲಿನಲ್ಲಿ ತೆಂಗಿನ ಸಿಪ್ಪೆಯ ಉರಿ ಹಾಕಿ ನೀರು ಕಾಯಿಸತೊಡಗಿದರು. ಎರಡು ಬಕೆಟ್ ಬಿಸಿನೀರು, ಅಂದರೆ 40 ಲೀಟರ್, ಕಡಲ ಉಪ್ಪು ತೊಳೆಯಲು ಧಾರಾಳ. ಬಂದವರು ಹಂಡೆಯ ಸ್ನಾನವನ್ನು ಮೆಚ್ಚಿಕೊಂಡು ಕೇಳಿ ಮಾಡುತ್ತಾರೆ. ಫ್ಲಶ್ ತೊಟ್ಟಿಗಳನ್ನು ಒಂದು ಸಲಕ್ಕೆ ಮೂರು ಅಥವಾ ಆರು ಲೀಟರ್ ಬಿಡುವವುಗಳಿಗೆ ಬದಲಿಸಿದರು. ಚಾದರಗಳು ಬೇಸಿಗೆಯಲ್ಲಿ ಗುಡ್ಡದ ಮೇಲಿನ ಮನೆಗೆ ಹೋಗುತ್ತವೆ, ತೊಳೆದುಕೊಟ್ಟದ್ದಕ್ಕೆ ಅಲ್ಲಿಯವರಿಗೆ ಹಣ.

ಮಳೆನೀರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಎಲ್ಲರೂ ಮೊದಲು ಕೊಡುವ ಸಲಹೆ ಅದೇ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನೂರು ಚದರ ಮೀಟರ್ ಮಾಡಿನ ಮೇಲೆ ಅದು ಮೂರು ಲಕ್ಷ ಲೀಟರ್. ಆದರೆ ಅದನ್ನು ಜೂನ್‌ನಲ್ಲಿ ಬಾವಿಗೆ ಇಳಿಸಿದರೆ ಪ್ರಯೋಜನ ಅಲ್ಪ. ಆಗ ಬಾವಿ ತಾನಾಗಿಯೇ ತುಂಬಿ ತುಳುಕುತ್ತಿರುತ್ತದೆ, ಹೆಚ್ಚಿನ ನೀರು ಮರಳಿನ ಮೂಲಕ ಹೊಳೆಗೆ ಹರಿದುಹೋಗುತ್ತದೆ, ಏಪ್ರಿಲ್‌ವರೆಗೆ ಕಾಯುವುದಿಲ್ಲ. ಬಯಲುಸೀಮೆಯ ಇಂಗುಗುಂಡಿಯ ಲೆಕ್ಕ ಇಲ್ಲಿಗೆ ಒಗ್ಗುವುದಿಲ್ಲ. ಇಲ್ಲಿ ಬೇಕಾದದ್ದು ಹಿಡಿದಿಡುವುದು. ಅವರು ಐದು ಸಾವಿರ ಲೀಟರಿನ ಮುಚ್ಚಿದ ಟ್ಯಾಂಕನ್ನು ಮಾಡಿನಂಚಿನ ಮಳೆನೀರಿನ ದೋಣಿಗೆ ಜೋಡಿಸಿದ್ದಾರೆ. ಮೊದಲ ಮಳೆಗಳಲ್ಲಿ ಹಂಚು ತೊಳೆದ ನೀರನ್ನೆಲ್ಲ ಹೊರಗೆ ಬಿಟ್ಟು, ಹಿಂಗಾರಿನ ಕೊನೆಯ ಮಳೆಗಳಲ್ಲಿ ತುಂಬಿಸಿ, ಬೆಳಕು ಬೀಳದಂತೆ ಮುಚ್ಚಿ, ಏಪ್ರಿಲ್ ಬರುವ ತನಕ ನಲ್ಲಿ ತಿರುಗಿಸುವುದಿಲ್ಲ. ಕುದಿಸಿ ಕುಡಿಯಲು, ಬೇಳೆ ಬೇಯಿಸಲು ದಿನಕ್ಕೆ 110 ಲೀಟರಿನಂತೆ 45 ದಿನಕ್ಕೆ ಅದು ಸಾಕು.

ಕೋಣೆಗಳಿಗೆ ಋತುವಿನ ಮಿತಿ ಬಂತು: ಅಕ್ಟೋಬರ್‌ನಿಂದ ಜನವರಿಯವರೆಗೆ ನಾಲ್ಕು, ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಮೂರು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಎರಡು. ಡೇರೆ ಇಲ್ಲ. ಕಿರಿಯ ಮಗ ಯಾವುದೇ ಗುಂಪನ್ನು ಒಪ್ಪಿಕೊಳ್ಳುವ ಮೊದಲು ಅತ್ತಿಗೆಯನ್ನು ಕೇಳಬೇಕು. ಈ ಕೊನೆಯ ನಿಯಮ ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕಿಂತ ದೊಡ್ಡದು. ಫೋನ್ ಹಿಡಿದವನಿಗೆ ದಿನಗಳು ಕಾಣುತ್ತವೆ, ಬಾವಿ ಕಾಣುವುದಿಲ್ಲ. ಅಡುಗೆಮನೆಯಲ್ಲಿ ನಿಂತವರಿಗೆ ಬಾವಿ ದಿನಕ್ಕೆ ಹತ್ತು ಸಲ ಸಿಗುತ್ತದೆ. ಬಾಗಿಲ ಹಿಂದೆ ತೂಗುಹಾಕಿದ ನೋಟ್‌ಬುಕ್‌ನಲ್ಲಿ ಸೊಸೆ ಈಗ ವಾರಕ್ಕೊಮ್ಮೆ ಮೇಲಿನ ನೀರು, ತಳದ ನೀರು ಎರಡರ ಅಂಕಿ ಬರೆದಿಡುತ್ತಾರೆ. ಮೀಟರನ್ನು ನಾನು ಅಲ್ಲಿಯೇ ಬಿಟ್ಟು ಬಂದೆ.

ನೀರಿನಿಂದ ಹುಟ್ಟಿದ ಊಟದ ಲೆಕ್ಕ

ಎರಡು ಕೋಣೆ ಮುಚ್ಚಿದರೆ ಆ ತಿಂಗಳುಗಳ ಆದಾಯ ಅರ್ಧಕ್ಕೆ ಇಳಿಯಬೇಕು. ಇಳಿಯಲಿಲ್ಲ. ಲೀಟರುಗಳ ಅದೇ ಕಾಗದವನ್ನು ಮುಂದಿಟ್ಟುಕೊಂಡು ಸೊಸೆ ನನ್ನನ್ನು ಕೇಳಿದ ಪ್ರಶ್ನೆ ಇದಕ್ಕೆ ಕಾರಣ: "ಅಣ್ಣ, ನಡೆದು ಬಂದು ಊಟ ಮಾಡಿ ಬಾರ್ಜ್ ಹತ್ತಿ ಹೋಗುವವರಿಗೆ ಎಷ್ಟು ನೀರು ಬೇಕು?"

ಅಡುಗೆ, ಕುಡಿಯಲು, ಕೈತೊಳೆಯಲು, ಪಾತ್ರೆಗೆ, ಬಾಳೆಲೆಯಲ್ಲಿ ಬಡಿಸಿದರೆ, ಒಂದು ಊಟಕ್ಕೆ ಹತ್ತು ಲೀಟರ್. ಹಳೆಯ ಲೆಕ್ಕದಂತೆ, ಅಡುಗೆಯೂ ಸೇರಿ, ಇಬ್ಬರು ತಂಗುವ ಒಂದು ಕೋಣೆ ದಿನಕ್ಕೆ ನುಂಗುವ 330 ಲೀಟರಿನಲ್ಲಿ 33 ಜನರಿಗೆ ಬಡಿಸಬಹುದು. ಕೋಣೆಗೆ ಬಾಡಿಗೆ 1,500 ರೂಪಾಯಿ. ಊಟಕ್ಕೆ 200. ಮೀನು, ಅಕ್ಕಿ, ಕಾಯಿ, ಸೌದೆ, ಸಹಾಯಕರ ಕೂಲಿ ಎಂದು ಅರ್ಧ ಕಳೆದರೂ 33 ಊಟಕ್ಕೆ 3,300 ಉಳಿಯುತ್ತದೆ. ಉಪ್ಪಿನ ಅಂಚಿನಲ್ಲಿರುವ ಬಾವಿಗೆ ಕೋಣೆಯ ಅತಿಥಿಗಿಂತ ಊಟದ ಅತಿಥಿ ಹಗುರ. ವಸತಿ ಎಂದರೆ ಕೋಣೆ ಎಂದು ಯೋಚಿಸುವವರಿಗೆ ಇದು ಹೊಳೆಯುವುದೇ ಇಲ್ಲ; ನನಗೂ ಮೊದಲು ಹೊಳೆದದ್ದಲ್ಲ, ಲೆಕ್ಕ ಅವರದ್ದು.

ಊಟ ಆ ಊರಿನದ್ದೇ. ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಎಂಬ ಮಸಾಲೆ ಕಾಯಿ ಜಜ್ಜಿ ಹಾಕಿದ ಬಂಗಡೆ ಸಾರು, ಸಿಕ್ಕ ದಿನ ಬಳಚಿನ ಸುಕ್ಕ ಅಥವಾ ಹುರಿದ ನೊಗಲಿ ಮೀನು, ಮೀನು ತಿನ್ನದವರಿಗೆ ಬಸಳೆ ಹುಳಿ, ಎಲ್ಲರಿಗೂ ಮುರುಗಲು (ಕೋಕಂ) ಹುಳಿಯ ತಣ್ಣನೆಯ ಪಾನಕ. ಜಗಲಿಯಲ್ಲಿ ಒಂದು ಸಲಕ್ಕೆ ಹದಿನಾಲ್ಕು ಎಲೆ ಹಾಕಬಹುದು. ಚಾರಣದ ತಂಡಗಳು ಮಧ್ಯಾಹ್ನ ಈ ಊರಿಗೆ ತಲುಪುವ ಹೊತ್ತಿಗೆ ಹಸಿದಿರುತ್ತವೆ. ತಂಗುವುದಕ್ಕೆ ಬೇರೆ ಕಡೆ ಜಾಗ ಸಿಗುತ್ತದೆ, ಇಂಥ ಊಟಕ್ಕೆ ಇಲ್ಲಿಗೇ ಬರಬೇಕು.

ಇಲ್ಲಿ ನನ್ನನ್ನು ಕಾಡುವ ಒಂದು ವಿಷಯವಿದೆ. ನೀರಿನ ಭಾರ ಇಳಿಸಿದ ಈ ಉಪಾಯ ದುಡಿಮೆಯ ಭಾರವನ್ನು ಒಬ್ಬರ ಹೆಗಲಿಗೆ ಹಾಕುತ್ತದೆ. ಕೋಣೆ ಬಾಡಿಗೆಗೆ ಕೊಡುವಾಗ ಮನೆಯ ಗಂಡಸರ ಪಾಲಿನ ಕೆಲಸವೂ ಇರುತ್ತದೆ. 30 ಜನರ ಮೀನೂಟ ಎಂದರೆ ಬೆಳಗಿನ ಜಾವದಿಂದ ಮೂರು ಗಂಟೆಯವರೆಗೆ ಒಲೆಯ ಮುಂದೆ ನಿಲ್ಲುವುದು. ಇದನ್ನು ನಾನು ನೇರವಾಗಿಯೇ ಹೇಳಿದೆ. ಈಗ ನೆರೆಮನೆಯ ಇಬ್ಬರು ಹೆಂಗಸರು ದಿನಗೂಲಿಗೆ ಬರುತ್ತಾರೆ, ಮೀನು ಹೆಚ್ಚುವುದು, ಕಾಯಿ ತುರಿಯುವುದು, ಎಲೆ ಎತ್ತುವುದು ಅವರ ಕೆಲಸ. ಬಾರ್ಜ್ ಧಕ್ಕೆಯಲ್ಲಿ ಮೀನು ಕೊಳ್ಳುವುದು ಮತ್ತು ಬಡಿಸುವುದು ಹಿರಿಯ ಮಗನ ಪಾಲು. ಊಟದ ಹಣ ಸೊಸೆಯ ಹೆಸರಿನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಈ ಕೊನೆಯ ವ್ಯವಸ್ಥೆಗೆ ಮನೆಯಲ್ಲಿ ಸ್ವಲ್ಪ ಮುನಿಸು ಆಗಿತ್ತು ಎಂದು ಕೇಳಿದ್ದೇನೆ. ಅಮ್ಮ ಪಟ್ಟು ಹಿಡಿದು ಮಾಡಿಸಿದರು.

ಇನ್ನೂ ಬಗೆಹರಿಯದ್ದು

ಮುಂಗಾರು ಬಂದಮೇಲೆ ಬಾವಿಯ ತಳದ ನೀರೂ ತಿಳಿಯಾಯಿತು. ಮರುವರ್ಷದ ಬೇಸಿಗೆಯಲ್ಲಿ ಮೇ ಮಧ್ಯದವರೆಗೂ ಮೇಲ್ಪದರದ ನೀರು ಬೇಳೆ ಬೇಯಿಸುವಷ್ಟು ಚೆನ್ನಾಗಿತ್ತು, ಟ್ಯಾಂಕರ್ ಬೇಕಾಗಲಿಲ್ಲ. ಶವರ್ ಇಲ್ಲ ಎಂದು ಗೊತ್ತಾಗಿ ಕೋಣೆ ಬಿಟ್ಟುಕೊಟ್ಟವರು ಇದ್ದಾರೆ. ಕೆಲವು ಗುಂಪುಗಳು ಡೇರೆಗೆ ಜಾಗ ಕೊಡುವ ಬೇರೆ ಕಡೆಗೆ ಹೋದವು.

ನೆಲದೊಳಗಿನ ನೀರಿಗೆ ಬೇಲಿಯಿಲ್ಲ. ಎರಡು ಹಿತ್ತಿಲಿನಾಚೆ ಹೊರಗಿನವರೊಬ್ಬರು ಜಾಗ ಗುತ್ತಿಗೆಗೆ ಹಿಡಿದು ಹನ್ನೆರಡು ಕೋಣೆಗಳ ವಸತಿ ಮಾಡುವ ಯೋಚನೆಯಲ್ಲಿದ್ದಾರೆ. ಕೊಳವೆಬಾವಿಗೆ ಜಾಗ ಗುರುತು ಮಾಡಿದ್ದಾರೆ ಎಂಬ ಮಾತಿದೆ. ಅದು ನಡೆದರೆ ಈ ಮನೆಯವರ ಫುಟ್‌ವಾಲ್ವ್, ಬಕೆಟ್, ನೋಟ್‌ಬುಕ್ ಯಾವುದೂ ಬಾವಿಯನ್ನು ಉಳಿಸಲಾರದು. ಹೊಳೆಯಂಚಿನ ಐದು ಮನೆಗಳವರು ಸೇರಿ ಗ್ರಾಮ ಪಂಚಾಯಿತಿಗೆ ಒಂದು ಮನವಿ ಬರೆದಿದ್ದಾರೆ: ಈ ಸಾಲಿನಲ್ಲಿ ಯಾವ ವಸತಿಗೂ ಪರವಾನಗಿ ಕೊಡುವ ಮೊದಲು ಸುತ್ತಲಿನ ಬಾವಿಗಳ ಬೇಸಿಗೆಯ ಲವಣಾಂಶ ಅಳೆಯಬೇಕು, ಕೊಳವೆಬಾವಿಗೆ ಒಪ್ಪಿಗೆ ಕೊಡಬಾರದು. ಮನವಿಯ ಜತೆ ಸೊಸೆಯ ನೋಟ್‌ಬುಕ್ಕಿನ ಪುಟಗಳ ಪ್ರತಿ ಲಗತ್ತಿಸಿದ್ದಾರೆ. ಉಳಿದ ನಾಲ್ಕು ಮನೆಗಳಲ್ಲೂ ಈ ವರ್ಷದಿಂದ ಅಳತೆ ಬರೆದಿಡಬೇಕೆಂದು ಮಾತಾಗಿದ್ದು, ಇನ್ನೊಂದು ಮೀಟರ್ ಕೊಳ್ಳಲು ಹಣ ಕೂಡಿಸಿದ್ದಾರೆ. ಜಾಗ ಗುತ್ತಿಗೆ ಹಿಡಿದವರೊಂದಿಗೆ ಮಾತನಾಡಲು ಅಮ್ಮ ಮತ್ತು ಕಿರಿಯ ಮಗ ಒಟ್ಟಿಗೆ ಹೋಗುವವರಿದ್ದಾರೆ.